ರಬ್ಬರ್ ಸವೆಸುವ ಮಕ್ಕಳು

ತಪ್ಪಾದೀತೆಂಬ ಹೆದರಿಕೆಯಿಂದ ಕಲಿಯುವುದಕ್ಕೇ ಹಿಂಜರಿಯುವ ಮಕ್ಕಳ ಬಗ್ಗೆ ಬಂದ ಪತ್ರಗಳಲ್ಲಿ ಬೆಂಗಳೂರಿನ ಓದುಗರ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಹೆಸರುಗಳನ್ನು ಬಿಟ್ಟಿದ್ದೇವೆ. ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಮಕ್ಕಳ ಆಪ್ತಸಮಾಲೋಚಕರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಮೂರನೇ ಕ್ಲಾಸಿನ ಮಗಳು ಹೋಂವರ್ಕ್ ಬರೆಯುವಾಗ ಒಂದಕ್ಷರ ಸೊಟ್ಟಗಾದರೂ ಅಳಿಸುತ್ತಾಳೆ. ಅಳಿಸಿ ಅಳಿಸಿ ಹಾಳೆ ಹರಿಯುತ್ತದೆ, ಆಮೇಲೆ ಅಳು. ಅರ್ಧ ಗಂಟೆಯ ಕೆಲಸ ರಾತ್ರಿ ಒಂಬತ್ತೂವರೆಯಾದರೂ ಮುಗಿಯುವುದಿಲ್ಲ. ರಬ್ಬರ್ ಕಿತ್ತಿಟ್ಟುಕೊಂಡರೆ ಬೆರಳಿಗೆ ಎಂಜಲು ಹಚ್ಚಿ ಉಜ್ಜುತ್ತಾಳೆ. ಏನು ಮಾಡಲಿ?
*ತಾಯಿ, ವಿಜಯನಗರ*

ಉತ್ತರ: ರಬ್ಬರ್ ಕಿತ್ತುಕೊಂಡರೆ ಹೆದರಿಕೆ ಹೋಗುವುದಿಲ್ಲ, ಉಪಾಯ ಬದಲಾಗುತ್ತದೆ ಅಷ್ಟೆ. ಅದನ್ನು ನೀವೇ ನೋಡಿದ್ದೀರಿ. ಮೊದಲು ಎರಡು ಮೂರು ಸಂಜೆ ಏನೂ ಹೇಳದೆ ಗಮನಿಸಿ. ಅಳಿಸುತ್ತಿರುವುದು ಅಕ್ಷರದ ಅಂದಕ್ಕಾಗಿಯೋ, ಉತ್ತರ ತಪ್ಪೆಂಬ ಅನುಮಾನಕ್ಕೋ? ಯಾರಾದರೂ ಪಕ್ಕ ಕೂತಾಗ ಹೆಚ್ಚೋ, ಒಬ್ಬಳೇ ಇದ್ದಾಗಲೂ ಅಷ್ಟೇ ಇದೆಯೋ? ಪಕ್ಕದಲ್ಲಿ ಜನ ಇದ್ದಾಗ ಮಾತ್ರ ಹೆಚ್ಚುವುದಾದರೆ ಅರ್ಧ ಮದ್ದು ನಿಮ್ಮ ಕೈಯಲ್ಲೇ ಇದೆ.

ಇನ್ನು ಪೆನ್ಸಿಲ್. ಹೆದರಿದ ಮಗು ಅದನ್ನು ಬಿಗಿಯಾಗಿ ಹಿಡಿದು ಒತ್ತಿ ಬರೆಯುತ್ತದೆ. ಒತ್ತಿ ಬರೆದದ್ದನ್ನು ಅಳಿಸಿದರೂ ಹಾಳೆಯಲ್ಲಿ ತಗ್ಗು ಉಳಿಯುತ್ತದೆ. ಆ ಗುರುತೂ ಹೋಗಲೆಂದು ಮತ್ತೆ ಉಜ್ಜುತ್ತದೆ, ಹಾಳೆ ಹರಿಯುವುದು ಅಲ್ಲಿಗೆ. ಪುಟದ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿ. ಅಕ್ಷರಗಳು ಉಬ್ಬಿಕೊಂಡು ಕೈಗೆ ಸಿಕ್ಕಿದರೆ ಒತ್ತಡ ಜಾಸ್ತಿ ಎಂದರ್ಥ. ಎಚ್‌ಬಿ ಬದಲು 2ಬಿ ಪೆನ್ಸಿಲ್ ಕೊಡಿ. ಅದರ ಸೀಸ ಮೆತ್ತಗೆ, ಹಗುರವಾಗಿ ಎಳೆದರೂ ಕಪ್ಪಗೆ ಮೂಡುತ್ತದೆ. ಬೇಗ ಮೊಂಡಾಗುತ್ತದೆ, ಆದ್ದರಿಂದ ಮೆಂಡರ್ ಪಕ್ಕದಲ್ಲಿರಲಿ.

ರಬ್ಬರನ್ನು ಕ್ರಮೇಣ ಬಿಡಿಸಬೇಕು. ಪ್ರತಿ ಪುಟದ ಮೇಲಂಚಿನಲ್ಲಿ ಮೂರು ಚಿಕ್ಕ ಸೊನ್ನೆ ಹಾಕಿಕೊಳ್ಳಲಿ. ಒಮ್ಮೆ ಅಳಿಸಿದರೆ ಒಂದು ಸೊನ್ನೆ ಹೊಡೆಯಬೇಕು. ಮೂರೂ ಮುಗಿದ ಮೇಲೆ ತಪ್ಪಾದದ್ದಕ್ಕೆ ಒಂದೇ ಒಂದು ಅಡ್ಡಗೆರೆ, ಪಕ್ಕದಲ್ಲಿ ಸರಿಯಾದ್ದು. ಮರುವಾರ ಎರಡು ಸೊನ್ನೆ, ಅದರ ಮುಂದಿನ ವಾರ ಒಂದು. ಯಾವುದನ್ನು ಅಳಿಸಬೇಕು, ಯಾವುದನ್ನು ಬಿಡಬಹುದು ಎಂದು ಅವಳೇ ಲೆಕ್ಕ ಹಾಕತೊಡಗುತ್ತಾಳೆ. ಬೇಕಾಗಿರುವುದು ಆ ಲೆಕ್ಕಾಚಾರವೇ.

ಇದಕ್ಕೆ ಶಾಲೆಯ ಒಪ್ಪಿಗೆ ಬೇಕು. ಅಡ್ಡಗೆರೆ ಕಂಡು ಅಲ್ಲಿ ಬೈಗುಳ ಬಿದ್ದರೆ ಮನೆಯಲ್ಲಿ ಮಾಡಿದ್ದೆಲ್ಲ ನೀರುಪಾಲು. ಡೈರಿಯಲ್ಲಿ ಇಷ್ಟು ಬರೆದರೆ ಸಾಕು: “ಮೇಡಂ, ಅಳಿಸುವುದರಲ್ಲೇ ಹೊತ್ತು ಹೋಗಿ ಹೋಂವರ್ಕ್ ಮುಗಿಯುತ್ತಿಲ್ಲ. ಒಂದು ತಿಂಗಳ ಮಟ್ಟಿಗೆ, ತಪ್ಪಾದದ್ದಕ್ಕೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯಲು ಅವಕಾಶ ಕೊಡಿ.” ಅವಧಿ ಹೇಳಿ ಕೇಳಿದ್ದನ್ನು ಬೇಡವೆನ್ನುವ ಟೀಚರ್ ಕಡಿಮೆ.

ನೀವು ಕೂರುವ ಜಾಗವನ್ನೂ ಬದಲಿಸಿ. ಹೆಗಲ ಮೇಲಿಂದ ಬಗ್ಗಿ ನೋಡಬೇಡಿ. ಅದೇ ಕೋಣೆಯಲ್ಲಿ ಸೊಪ್ಪು ಬಿಡಿಸುತ್ತಲೋ ನಿಮ್ಮ ಲೆಕ್ಕ ಬರೆಯುತ್ತಲೋ ಇರಿ. ಬಾಯಿಂದ ಬೈಯದಿದ್ದರೂ ನಾವು ಹೊರಡಿಸುವ ಒಂದು “ಚ್”, ಒಂದು ನಿಟ್ಟುಸಿರು ಮಗುವಿನ ಕಿವಿಗೆ ಬಿದ್ದೇ ಬೀಳುತ್ತದೆ. ತಪ್ಪಾದ ಮೇಲಿನ ಒಂದು ನಿಮಿಷದಲ್ಲಿ ದೊಡ್ಡವರ ಮುಖ ಹೇಗಿತ್ತು ಎಂಬುದನ್ನು ನೋಡಿಯೇ ಮಕ್ಕಳು ತಪ್ಪಿಗೆ ಬೆಲೆ ಕಟ್ಟುತ್ತಾರೆ. ಈ ಅಂಕಣದ ಉಳಿದ ಉತ್ತರಗಳೂ ಸುತ್ತಿ ಬಳಸಿ ಆ ಒಂದು ನಿಮಿಷದ ಬಗೆಗೇ ಇವೆ.

ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆದಷ್ಟಕ್ಕೆ ಪುಸ್ತಕ ಮುಚ್ಚಿಸಿ. ಉಳಿದರೆ “ಇಪ್ಪತ್ತು ನಿಮಿಷ ಬರೆದಿದ್ದಾಳೆ” ಎಂದು ನೀವೇ ಸಹಿ ಹಾಕಿ. ಮೊದಲ ವಾರ ಅಳು ಜಾಸ್ತಿಯೇ ಆಗುತ್ತದೆ. ಆಗ ಎರಡು ಬಗೆಯಲ್ಲಿ ಕೆಡುತ್ತದೆ: ಮೂರನೇ ದಿನಕ್ಕೇ ಕೈಬಿಡುವುದು, ಇಲ್ಲವೇ ಹೊತ್ತಾಯಿತೆಂದು ಅಮ್ಮನೇ ಅಳಿಸಿ ಮುದ್ದಾಗಿ ಬರೆದುಕೊಡುವುದು. ಎರಡನೆಯದು ಹೆಚ್ಚು ಕೆಟ್ಟದ್ದು. “ನಿನ್ನ ಕೈಬರಹ ತೋರಿಸುವಂಥದ್ದಲ್ಲ” ಎಂಬ ಮಾತನ್ನು ಬಾಯಿ ಬಿಡದೆಯೇ ಹೇಳಿದಂತಾಗುತ್ತದೆ.

ಪ್ರಶ್ನೆ: ನಾಲ್ಕನೇ ತರಗತಿಯ ಮಗ ಗಣಿತದಲ್ಲಿ ಏನು ಕೇಳಿದರೂ ಯೋಚಿಸುವ ಮೊದಲೇ “ಗೊತ್ತಿಲ್ಲ” ಅನ್ನುತ್ತಾನೆ. ಒತ್ತಾಯ ಮಾಡಿದರೆ ಏನೋ ಒಂದು ಸಂಖ್ಯೆ ಹೇಳಿ ನನ್ನ ಮುಖ ನೋಡುತ್ತಾನೆ. ದಶಕ ತೆಗೆದುಕೊಳ್ಳುವ ಕಳೆಯುವ ಲೆಕ್ಕದಲ್ಲಂತೂ ಎಲ್ಲವೂ ತಪ್ಪು. ಕೋಪ ಬಂದುಬಿಡುತ್ತದೆ.
*ತಂದೆ, ಕೆಂಗೇರಿ*

ಉತ್ತರ: ಸಂಖ್ಯೆ ಹೇಳಿ ಮುಖ ನೋಡುತ್ತಾನೆ ಎಂದು ಬರೆದಿರಲ್ಲ, ಅವನು ಉತ್ತರ ಹುಡುಕುತ್ತಿರುವುದು ಅಲ್ಲೇ. ನಿಮ್ಮ ಹುಬ್ಬು ಗಂಟಿಕ್ಕಿದರೆ ಸಂಖ್ಯೆ ಬದಲಿಸುತ್ತಾನೆ. ಇದನ್ನು ನಿಲ್ಲಿಸಲು ಒಂದೇ ದಾರಿ. ಉತ್ತರ ಸರಿಯಿರಲಿ, ತಪ್ಪಿರಲಿ, ಎರಡಕ್ಕೂ ಒಂದೇ ದನಿಯಲ್ಲಿ ಒಂದೇ ಮಾತು: “ಹೇಗೆ ಮಾಡ್ದೆ, ಹೇಳು ನೋಡೋಣ.” ತಪ್ಪಾದಾಗ ಮಾತ್ರ ಹಾಗೆ ಕೇಳಿದರೆ ಆ ಪ್ರಶ್ನೆಯೇ ಬೈಗುಳವಾಗುತ್ತದೆ. ಸರಿ ಉತ್ತರಕ್ಕೂ ಕೇಳಿ, ಅದಕ್ಕೇ ಹೆಚ್ಚು ಕೇಳಿ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ಬಹಳ ಹಿಂದೆಯೇ ತರಗತಿಗಳನ್ನು ಗಮನಿಸಿ, ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆಂದು ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, “ಗೊತ್ತಿಲ್ಲ” ಎಂಬುದು ಕಡಿಮೆಯಾಗುತ್ತದೆ. ಮನೆಯಲ್ಲಿ ನಾವು ಒಂದು ಸೆಕೆಂಡೂ ಕಾಯುವುದಿಲ್ಲ.

ಈಗ ಕಳೆಯುವ ಲೆಕ್ಕಕ್ಕೆ ಬರೋಣ. 503ರಲ್ಲಿ 268 ಕಳೆಯಲು ಕೊಟ್ಟು ನೋಡಿ. ಅವನು 365 ಎಂದು ಬರೆದರೆ ಅದು ಅಜಾಗರೂಕತೆಯಲ್ಲ. ಬಿಡಿಸ್ಥಾನದಲ್ಲಿ 3ರಿಂದ 8 ಹೋಗುವುದಿಲ್ಲವೆಂದು 8ರಿಂದ 3 ಕಳೆದು 5 ಬರೆದಿದ್ದಾನೆ. ಹತ್ತರಲ್ಲಿ 6ರಿಂದ 0 ಕಳೆದು 6. ನೂರರಲ್ಲಿ 5ರಿಂದ 2 ಕಳೆದು 3. “ದೊಡ್ಡದರಿಂದ ಚಿಕ್ಕದನ್ನು ಕಳೆ” ಎಂದು ಒಂದನೇ ತರಗತಿಯಲ್ಲಿ ಹೇಳಿಕೊಟ್ಟ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಬೈದರೆ ಅವನಿಗೆ ಯಾಕೆಂದೇ ತಿಳಿಯುವುದಿಲ್ಲ. ಗಣಿತದ ಹೆದರಿಕೆ ಬೇರುಬಿಡುವುದು ಈ ಜಾಗದಲ್ಲಿ.

ನೋಟು, ನಾಣ್ಯ ತೆಗೆದುಕೊಳ್ಳಿ. ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ ಅವನ ಮುಂದಿಡಿ. ನೀವು ಅಂಗಡಿಯವರು, ಬಿಲ್ಲು 268. ಬಿಡಿ ಎಂಟು ರೂಪಾಯಿ ಕೊಡು ಎಂದರೆ ಅವನ ಹತ್ತಿರ ಮೂರೇ ಇದೆ. ಚಿಲ್ಲರೆ ಮಾಡಿಸಬೇಕು, ಆದರೆ ಹತ್ತರ ನೋಟೂ ಇಲ್ಲ. ಹಾಗಾಗಿ ನೂರರ ಒಂದು ನೋಟು ಮುರಿಸಿ ಹತ್ತರ ಹತ್ತು ನೋಟು, ಅವುಗಳಲ್ಲಿ ಒಂದನ್ನು ಮುರಿಸಿ ಹತ್ತು ನಾಣ್ಯ. ಈಗ ಕೈಯಲ್ಲಿರುವುದು ನೂರರ ನಾಲ್ಕು, ಹತ್ತರ ಒಂಬತ್ತು, ಹದಿಮೂರು ನಾಣ್ಯ. ಕೊಟ್ಟಾದ ಮೇಲೆ ಉಳಿಯುವುದು ಎರಡು, ಮೂರು, ಐದು. ಅಂದರೆ 235. ಸೊನ್ನೆಯ ಮೇಲೆ ಏಕೆ ಒಂಬತ್ತು ಬರೆಯುತ್ತೇವೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ಅದಾದ ಮೇಲೆ ಅದೇ ಲೆಕ್ಕ ಕಾಗದದ ಮೇಲೆ. ಒಂದು ಸಂಜೆಗೆ ಎರಡು ಲೆಕ್ಕ ಸಾಕು, ಹತ್ತು ಬೇಡ.

ಲೆಕ್ಕ ಶುರುಮಾಡುವ ಮೊದಲೇ “ಸುಮಾರು ಎಷ್ಟು ಬರಬಹುದು?” ಎಂದು ಕೇಳುವ ರೂಢಿ ಇಟ್ಟುಕೊಳ್ಳಿ. 500ರಲ್ಲಿ 270 ಹೋದರೆ 230ರ ಆಸುಪಾಸು. 365 ಬಂದಾಗ ಅವನಿಗೇ ಇರುಸುಮುರುಸಾಗಿ ಹಿಂದಕ್ಕೆ ಹೋಗುತ್ತಾನೆ. ಅಂದಾಜು ತಪ್ಪಾಗಲೆಂದೇ ಇರುವುದರಿಂದ ಹೆದರುವ ಮಕ್ಕಳಿಗೆ ಅದು ಒಳ್ಳೆಯ ಬಾಗಿಲು. ಎರಡು ವಾರದ ಬಳಿಕ ನೀವೇ ಮೂರು ಲೆಕ್ಕ ಮಾಡಿ, ಒಂದನ್ನು ಬೇಕೆಂದೇ ತಪ್ಪಿಸಿ, ಕೆಂಪು ಪೆನ್ನು ಅವನ ಕೈಗೆ ಕೊಡಿ.

ಮಗ್ಗಿಯ ಬಗ್ಗೆ ಒಂದು ಮಾತು. ಗಡಿಯಾರ ಹಿಡಿದು ಮಗ್ಗಿ ಒಪ್ಪಿಸಿಕೊಳ್ಳುವುದನ್ನು ನಿಲ್ಲಿಸಿ. ಗಾಬರಿಯಾದಾಗ ತಲೆಯಲ್ಲಿ ಲೆಕ್ಕ ಹಿಡಿದಿಟ್ಟುಕೊಳ್ಳುವ ಜಾಗವನ್ನು ಆ ಗಾಬರಿಯೇ ತಿನ್ನುತ್ತದೆ, ಬರುತ್ತಿದ್ದದ್ದೂ ಹೋಗುತ್ತದೆ. ‘ಏಳೆಂಟ್ಲ’ ಎಂದಾಗ ನಿಂತರೆ ಉತ್ತರ ಹೇಳಿಬಿಡಬೇಡಿ, “ಏಳೇಳ್ಲ ನಲವತ್ತೊಂಬತ್ತು ಗೊತ್ತಲ್ವಾ, ಇನ್ನೊಂದು ಏಳು ಸೇರಿಸು” ಎನ್ನಿ. ಮರೆತರೂ ತಲುಪಲು ದಾರಿಯಿದೆ ಎಂದು ತಿಳಿದ ಮಗು ಮರೆಯುವುದಕ್ಕೆ ಅಷ್ಟು ಹೆದರುವುದಿಲ್ಲ.

ಪ್ರಶ್ನೆ: ಯಾವಾಗಲೂ ಮೊದಲ ಸ್ಥಾನದಲ್ಲಿರುವ ಮಗ ಈಗ ಹೊಸದೇನನ್ನೂ ಮುಟ್ಟುತ್ತಿಲ್ಲ. ಚೆಸ್ ಕ್ಲಾಸಿಗೆ ಸೇರಿಸಿದೆವು, ಎರಡು ಆಟ ಸೋತ ಮೇಲೆ ಬಿಟ್ಟ. ನಾವು ಬೈದೇ ಇಲ್ಲ, ಸದಾ ಹೊಗಳುತ್ತೇವೆ.
*ತಂದೆ-ತಾಯಿ, ಜೆ.ಪಿ. ನಗರ*

ಉತ್ತರ: ಏನೆಂದು ಹೊಗಳುತ್ತೀರಿ? “ನಮ್ಮ ಮಗ ಜಾಣ” ಎಂದಾದರೆ, ಸೋತ ದಿನ ಆ ಬಿರುದು ಹೋಗುತ್ತದೆಂಬ ಭಯ ಅವನಿಗಿರುತ್ತದೆ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಬುದ್ಧಿವಂತಿಕೆಗಾಗಿ ಹೊಗಳಿಸಿಕೊಂಡ ಮಕ್ಕಳು ಮುಂದೆ ಸುಲಭದ ಕೆಲಸವನ್ನೇ ಆರಿಸಿಕೊಂಡರು, ಕಷ್ಟದ ಪ್ರಶ್ನೆಗಳಲ್ಲಿ ಎಡವಿದ ಬಳಿಕ ಇನ್ನಷ್ಟು ಕುಗ್ಗಿದರು. ಪಟ್ಟ ಶ್ರಮಕ್ಕಾಗಿ ಹೊಗಳಿಸಿಕೊಂಡವರು ಹಾಗಾಗಲಿಲ್ಲ. ಆಮೇಲೆ ಈ ವಿಚಾರವನ್ನು ಶಾಲೆಗಳಲ್ಲಿ ದೊಡ್ಡದಾಗಿ ಪ್ರಯೋಗಿಸಿದಾಗ ಸಿಕ್ಕ ಫಲ ಸಣ್ಣದು, ಹಾಗಾಗಿ ಇದನ್ನು ಸರ್ವರೋಗಕ್ಕೆ ಮದ್ದೆಂದು ತಿಳಿಯಬೇಡಿ. “ತುಂಬಾ ಪ್ರಯತ್ನಪಟ್ಟೆ” ಎಂದು ಸುಮ್ಮನೆ ಹೇಳಿದರೆ ಮಕ್ಕಳಿಗೆ ಅದು ಸಮಾಧಾನದ ಬಹುಮಾನವೆಂದು ಗೊತ್ತಾಗುತ್ತದೆ. ಕಂಡದ್ದನ್ನು ಹೇಳಿ: “ಕುದುರೆ ಹೋದ ಮೇಲೂ ಆನೆಯನ್ನ ಮಧ್ಯಕ್ಕೆ ತಂದೆಯಲ್ಲ, ಅದು ಚೆನ್ನಾಗಿತ್ತು.”

ಚೆಸ್‌ಗೆ ಮತ್ತೆ ಕಳಿಸುವ ಮೊದಲು ಮನೆಯಲ್ಲಿ ಬರೀ ಕಾಲಾಳುಗಳ ಆಟ ಆಡಿಸಿ. ಎರಡೂ ಕಡೆ ಎಂಟೆಂಟು, ಯಾರದು ಮೊದಲು ಆ ತುದಿ ಮುಟ್ಟಿದರೆ ಅವರು ಗೆದ್ದಂತೆ. ಒಂದು ಆಟ ಬೇಗ ಮುಗಿಯುತ್ತದೆ. ಗೆಲುವು, ಸೋಲು ಎರಡೂ ಒಂದೇ ಸಂಜೆಯಲ್ಲಿ ಹಲವು ಸಲ ಬಂದುಹೋಗುತ್ತವೆ. ನೀವು ಬೇಕೆಂದು ಸೋಲಬೇಡಿ, ಅವನಿಗೆ ತಿಳಿಯುತ್ತದೆ.

ಪ್ರಶ್ನೆ: ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಐದನೇ ತರಗತಿಯ ಮಗಳಿಗೆ ಕನ್ನಡ ಉಕ್ತಲೇಖನ ಎಂದರೆ ಜ್ವರ. ಪುಟದ ತುಂಬ ಕೆಂಪು ಗುರುತು. “ನಂಗೆ ಕನ್ನಡ ಬರಲ್ಲ” ಎನ್ನುತ್ತಾಳೆ, ಮನೆಯಲ್ಲಿ ಆಡುವುದು ಕನ್ನಡವನ್ನೇ!
*ತಾಯಿ, ವೈಟ್‌ಫೀಲ್ಡ್*

ಉತ್ತರ: ಕೆಂಪು ಗುರುತುಗಳನ್ನು ಎಣಿಸಬೇಡಿ, ವಿಂಗಡಿಸಿ. ಹಳೆಯ ನಾಲ್ಕೈದು ಉಕ್ತಲೇಖನ ಮುಂದಿಟ್ಟುಕೊಂಡು ಮಗಳ ಜೊತೆಗೇ ಕೂತು ನೋಡಿದರೆ ಇಪ್ಪತ್ತು ತಪ್ಪು ಇದ್ದಲ್ಲಿ ಮೂರು ನಾಲ್ಕು ಬಗೆ ಮಾತ್ರ ಸಿಗುತ್ತವೆ. “ಇಪ್ಪತ್ತು ತಪ್ಪು ಮಾಡಿದೆ” ಎಂಬುದಕ್ಕೂ “ನನಗೆ ಮೂರು ಸಂಗತಿ ಗೊತ್ತಾಗಬೇಕು” ಎಂಬುದಕ್ಕೂ ಮಗುವಿನ ಮನಸ್ಸಿನಲ್ಲಿ ಬಹಳ ಅಂತರ. ಬಗೆಗಳಿಗೆ ಕಾರಣ ಬೇರೆ ಬೇರೆ, ಪರಿಹಾರವೂ ಬೇರೆ.

ಶಾಲೆ ಎಂಬುದು ‘ಶಲೆ’ ಆಗಿದ್ದರೆ ದೀರ್ಘ ತಪ್ಪಿದೆ. ಇದು ಕಿವಿಯಿಂದ ತಿದ್ದಿಕೊಳ್ಳುವ ತಪ್ಪು. ಪದ ಹೇಳುತ್ತ ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು ತಟ್ಟಿಸಿ. ಶಾ-ಲೆ: ಎರಡು, ಒಂದು. ದಿನಕ್ಕೆ ಐದು ಪದ ಸಾಕು.

ಭಾರತ ‘ಬಾರತ’ ಆಗಿದ್ದರೆ ಕಿವಿಯನ್ನು ನಂಬಿ ಪ್ರಯೋಜನವಿಲ್ಲ. ಮನೆಮಾತಿನಲ್ಲಿ ಬಹಳಷ್ಟು ಜನ ಮಹಾಪ್ರಾಣವನ್ನು ಒತ್ತಿ ಹೇಳುವುದೇ ಇಲ್ಲ. ಕೇಳಿದಂತೆ ಬರೆದ ಮಗುವಿನದು ಪ್ರಾಮಾಣಿಕ ತಪ್ಪು. ಇವನ್ನು ಕಣ್ಣಿನಿಂದ ನೆನಪಿಡಬೇಕು. ಭಾರತ, ಧನ, ಛತ್ರಿ ಹೀಗೆ ಆಗಾಗ ಬರುವ ಪದಗಳ ಪಟ್ಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ.

ಲ-ಳ ಗೊಂದಲಕ್ಕೆ ಅರ್ಥವೇ ಔಷಧಿ. “ಅಜ್ಜಿ ಹಲ್ಲಿಗೆ ಹೋದರು” ಎಂದು ಬರೆದದ್ದನ್ನು ಗಟ್ಟಿಯಾಗಿ ಓದಿಸಿದರೆ ಅವಳೇ ನಗುತ್ತಾಳೆ, ‘ಹಳ್ಳಿ’ ಎಂದು ತಿದ್ದುತ್ತಾಳೆ. ನೀವು ಅವಳಿಗಿಂತ ಮೊದಲು ನಗಬಾರದು.

ಎಲ್ಲಕ್ಕಿಂತ ಜಟಿಲ ಒತ್ತಕ್ಷರ. ಪುಸ್ತಕ ‘ಪುತ್ಸಕ’ ಆದರೆ ಕ್ರಮ ತಲೆಕೆಳಗಾಗಿದೆ: ಮೊದಲು ಕೇಳುವುದು ಮೇಲೆ, ಆಮೇಲೆ ಕೇಳುವುದು ಕೆಳಗೆ. ಇಷ್ಟು ಹೇಳಿಕೊಟ್ಟರೆ ಸಾಕೆಂದುಕೊಂಡರೆ ‘ರಾತ್ರಿ’ ಬರುತ್ತದೆ. ಕಿವಿಗೆ ಇಕಾರ ಕೇಳುವುದು ರಕಾರದ ನಂತರ, ಆದರೆ ಗುಡಿಸು ಹಾಕುವುದು ಮೇಲಿನ ತಕಾರಕ್ಕೆ. ‘ಸೂರ್ಯ’ದ ಅರ್ಕಾವತ್ತಿನಲ್ಲಂತೂ ಮೊದಲು ಕೇಳುವ ರ್ ಅನ್ನು ಕೊನೆಗೆ ಬರೆಯುತ್ತೇವೆ. ನಮ್ಮ ಲಿಪಿಯ ಈ ರೂಢಿಗಳನ್ನು ಬಿಡಿಸಿ ಹೇಳದೆ “ಇಷ್ಟೂ ಗೊತ್ತಾಗಲ್ವಾ” ಎಂದರೆ ತಪ್ಪು ಯಾರದು? ಒಂದು ವಾರ ಬರೀ ಒತ್ತಕ್ಷರವನ್ನೇ ಹಿಡಿದುಕೊಳ್ಳಿ. ಆ ವಾರ ದೀರ್ಘ ತಪ್ಪಿದರೆ ಕಂಡೂ ಕಾಣದಂತಿರಿ.

ಮನೆಯ ಉಕ್ತಲೇಖನ ಆರು ಪದಗಳದ್ದಾಗಿರಲಿ, ನಾಲ್ಕು ಬರುವಂಥವು, ಎರಡು ಹೊಸವು. ಬರೆಯುವಾಗ ಅನುಮಾನ ಬಂದ ಪದದ ಕೆಳಗೆ ಅವಳೇ ಚುಕ್ಕಿ ಇಡಲಿ. ಚುಕ್ಕಿ ಇಟ್ಟ ಪದ ತಪ್ಪಾಗಿದ್ದರೂ ಅದಕ್ಕೆ ಅರ್ಧ ಅಂಕ ಕೊಡಿ. ಎಲ್ಲಿ ಗೊತ್ತಿಲ್ಲ ಎಂದು ಗುರುತಿಸಿದ್ದಕ್ಕೆ ಆ ಅಂಕ. ಚುಕ್ಕಿಯಿಲ್ಲದೆ ಧೈರ್ಯವಾಗಿ ಬರೆದು ತಪ್ಪಾದ ಪದಗಳ ಬಗ್ಗೆ ಚಿಂತೆ ಬೇಡ. ಖಚಿತವೆಂದು ನಂಬಿ ಮಾಡಿದ ತಪ್ಪನ್ನು ತಿದ್ದಿದರೆ ಅದು ಇನ್ನೂ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆಂದು ಮನಃಶಾಸ್ತ್ರದ ಪ್ರಯೋಗಗಳು ತೋರಿಸಿವೆ. ತಿದ್ದುವುದು ಮಾತ್ರ ಅಂದೇ ಆಗಬೇಕು. ಒಂದೇ ಪದವನ್ನು ಐವತ್ತು ಸಲ ಬರೆಸಬೇಡಿ. ಹತ್ತನೇ ಸಲದ ಹೊತ್ತಿಗೆ ಕೈ ಮಾತ್ರ ಬರೆಯುತ್ತಿರುತ್ತದೆ.

ಪ್ರಶ್ನೆ: ಆರನೇ ತರಗತಿಯ ಮಗ ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡಲು ಹೆದರುತ್ತಾನೆ. ಒಮ್ಮೆ ಏನೋ ತಪ್ಪು ಹೇಳಿದ್ದಕ್ಕೆ ಎಲ್ಲರೂ ನಕ್ಕರಂತೆ.
*ತಂದೆ, ಯಲಹಂಕ*

ಉತ್ತರ: ಆಡುವ ಮಾತನ್ನು ನಡುವೆ ನಿಲ್ಲಿಸಿ ತಿದ್ದಬಾರದು. ಅವನು “ಯೆಸ್ಟರ್‌ಡೇ ಐ ಗೋ ಟು ಮಾರ್ಕೆಟ್” ಎಂದರೆ ನೀವು “ಓ, ಯೂ ವೆಂಟ್ ಟು ಮಾರ್ಕೆಟ್? ಆಮೇಲೆ?” ಎಂದು ಮಾತು ಮುಂದುವರಿಸಿ. ಸರಿರೂಪ ಕಿವಿಗೆ ಬಿತ್ತು, ಮಾತೂ ಕಡಿಯಲಿಲ್ಲ. ‘ವೆಂಟ್’ ಎಂಬುದನ್ನು ಸ್ವಲ್ಪ ಒತ್ತಿ ಹೇಳಿ, ಇಲ್ಲದಿದ್ದರೆ ಗಮನಕ್ಕೇ ಬರದೆ ಹೋಗುತ್ತದೆ.

ನಕ್ಕ ಪ್ರಸಂಗವನ್ನು “ಬಿಡು, ಅದೇನು ದೊಡ್ಡದು” ಎಂದು ತಳ್ಳಿಹಾಕಬೇಡಿ, ಅವನಿಗದು ದೊಡ್ಡದೇ. ಯಾರು ನಕ್ಕರು, ಟೀಚರ್ ಏನು ಮಾಡಿದರು ಎಂದು ಕೇಳಿ. ಟೀಚರೂ ನಕ್ಕಿದ್ದರೆ ಹೋಗಿ ಮಾತಾಡಿ. ಕ್ಲಾಸಿನಲ್ಲಿ ಮತ್ತೆ ಬಾಯಿ ಬಿಡಿಸಲು ಚಿಕ್ಕ ಮೆಟ್ಟಿಲು ಬೇಕು. ಮೊದಲು ಪುಸ್ತಕದ ನಾಲ್ಕು ಸಾಲು ಓದುವುದು, ಆಮೇಲೆ ಮನೆಯಲ್ಲೇ ಸಿದ್ಧಮಾಡಿಕೊಂಡ ಒಂದು ಪ್ರಶ್ನೆ ಕೇಳುವುದು, ಕೊನೆಗೆ ಎರಡು ವಾಕ್ಯ ಸ್ವಂತದ್ದು. ಒಂದೊಂದಕ್ಕೂ ವಾರವಾದರೂ ಬೇಕು. ನೇರವಾಗಿ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟು ಹೆದರಿಕೆ ಬಿಡಿಸುತ್ತೇವೆಂದು ಹೊರಡಬೇಡಿ.

ಪ್ರಶ್ನೆ: ನಮ್ಮ ಅತ್ತೆಯವರು “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ” ಎಂದು ಮಗುವಿನ ಪ್ರತಿ ತಪ್ಪಿಗೂ ಗದರುತ್ತಾರೆ, ಅಕ್ಕನ ಮಗನಿಗೆ ಹೋಲಿಸುತ್ತಾರೆ. ಎದುರಾಡಲು ಆಗುವುದಿಲ್ಲ.
*ಸೊಸೆ, ರಾಜಾಜಿನಗರ*

ಉತ್ತರ: ಮಗುವಿನ ಎದುರಿಗೆ ಎದುರಾಡಬೇಡಿ. ಮಗು ತನ್ನಿಂದಲೇ ಜಗಳವೆಂದು ತಿಳಿಯುತ್ತದೆ. ಹೋಂವರ್ಕ್ ನೋಡುವ ಕೆಲಸದಿಂದ ಅವರನ್ನು ಬಿಡಿಸಿ, ಬೇರೊಂದು ಗೌರವದ ಕೆಲಸ ಕೊಡಿ. “ಅತ್ತೆ, ಇವತ್ತು ಇವಳು ನಿಮಗೆ ಪಾಠ ಮಾಡ್ತಾಳಂತೆ, ಸ್ವಲ್ಪ ಕೇಳಿಸ್ಕೊಳ್ತೀರಾ?” ಅಜ್ಜಿ ವಿದ್ಯಾರ್ಥಿ, ಮೊಮ್ಮಗಳು ಟೀಚರ್. ಮೊಬೈಲಿನಲ್ಲಿ ಹಣ ಕಳಿಸುವುದನ್ನೋ ಮೆಟ್ರೋ ಟಿಕೆಟ್ ತೆಗೆಯುವುದನ್ನೋ ಹೇಳಿಕೊಡಲಿ. ಅಜ್ಜಿ ತಪ್ಪು ಗುಂಡಿ ಒತ್ತುತ್ತಾರೆ, “ಅಯ್ಯೋ ಹೋಯ್ತಲ್ಲೇ” ಎನ್ನುತ್ತಾರೆ, ಮತ್ತೆ ಒತ್ತುತ್ತಾರೆ. ದೊಡ್ಡವರೂ ತಪ್ಪಿ ಕಲಿಯುವುದನ್ನು ಮಗು ಕಣ್ಣಾರೆ ನೋಡುವುದು ಹೀಗೆಯೇ.

ಹೋಲಿಕೆಯ ವಿಷಯವನ್ನು ಗಂಡನ ಬಾಯಲ್ಲಿ ಹೇಳಿಸಿ. ಅಮ್ಮನಿಗೆ ಮಗ ಹೇಳಿದರೆ ಅದು ಮನೆಮಾತು, ಸೊಸೆ ಹೇಳಿದರೆ ದೂರು. ಹೊಡೆತದ ಮಟ್ಟಕ್ಕೆ ಹೋದರೆ ಮಾತ್ರ ಮುಲಾಜು ಬೇಡ. ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮನೆಯಲ್ಲಿ ಅದಕ್ಕಿಂತ ಕೀಳಾಗಿ ನಡೆದುಕೊಳ್ಳಬೇಕೇ?

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ನಲಿ-ಕಲಿಯಲ್ಲಿ ಚಟುವಟಿಕೆಯಿಂದಿದ್ದ ಮಕ್ಕಳು ನನ್ನ ತರಗತಿಗೆ ಬಂದು ಮೌನವಾಗುತ್ತಾರೆ. ಕೈ ಎತ್ತುವವರು ಅದೇ ನಾಲ್ಕು ಜನ.
*ಶಿಕ್ಷಕಿ, ಬೆಂಗಳೂರು ದಕ್ಷಿಣ*

ಉತ್ತರ: ನಿಮ್ಮ ಗಮನಿಕೆ ಸರಿಯಾಗಿದೆ. ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿಯಲ್ಲಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ, ಗುಂಪಿನಲ್ಲಿ ಕೂರುತ್ತದೆ. ಎಡವಿದರೆ ಆ ಮೆಟ್ಟಿಲಲ್ಲೇ ಇನ್ನಷ್ಟು ಹೊತ್ತು ಇರುತ್ತದೆ, ಅದು ಯಾರಿಗೂ ಕಾಣುವುದಿಲ್ಲ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಟ, ಒಂದೇ ಪ್ರಶ್ನೆ, ಎದ್ದು ನಿಂತು ಉತ್ತರ. ತಪ್ಪು ಒಮ್ಮೆಲೇ ಬಯಲಿಗೆ ಬರುತ್ತದೆ.

ಕೈ ಎತ್ತಿಸುವುದನ್ನು ಕಡಿಮೆ ಮಾಡಿ, ಸ್ಲೇಟು ತನ್ನಿ. ಪ್ರಶ್ನೆ ಕೇಳಿ, ಒಂದು ನಿಮಿಷ ಕೊಟ್ಟು, “ಎತ್ತಿ” ಎಂದಾಗ ಎಲ್ಲರೂ ಒಟ್ಟಿಗೆ ಸ್ಲೇಟು ಎತ್ತಬೇಕು. ನೋಡುವುದು ನೀವು ಮಾತ್ರ. ನಾಲ್ಕು ಜನರ ಬದಲು ಇಡೀ ತರಗತಿಯ ಉತ್ತರ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಸ್ಲೇಟು ಸಾಲದಿದ್ದರೆ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ ಆದೀತು, ದಪ್ಪ ಅಕ್ಷರದಲ್ಲಿ ಬರೆಯಿಸಿ.

ಅದರಲ್ಲಿ ಹೆಚ್ಚು ಮಕ್ಕಳು ಮಾಡಿದ ಒಂದು ತಪ್ಪನ್ನು ಹೆಸರಿಲ್ಲದೆ, ನಿಮ್ಮ ಕೈಬರಹದಲ್ಲಿ ಕಪ್ಪುಹಲಗೆಯ ಮೇಲೆ ಬರೆಯಿರಿ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿದರೆ ಐದನೇ ಎರಡು ಎಂದು ಬರೆದವರು ಇದ್ದೇ ಇರುತ್ತಾರೆ. ಮೊದಲ ಪ್ರಶ್ನೆ: “ಇದರಲ್ಲಿ ಸರಿಯಾಗಿರೋದು ಏನು?” ಎರಡು ಭಿನ್ನರಾಶಿಗಳನ್ನು ಕೂಡಬೇಕೆಂದು ತಿಳಿದದ್ದು ಸರಿ. ಎರಡನೆಯ ಪ್ರಶ್ನೆ: “ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗೋಕೆ ಸಾಧ್ಯವಾ?” ಐದನೇ ಎರಡು ಅರ್ಧಕ್ಕಿಂತ ಚಿಕ್ಕದು ಎಂಬುದು ಕಾಗದದ ಪಟ್ಟಿ ಮಡಚಿದರೆ ಕಾಣುತ್ತದೆ. ಆಮೇಲೆ ಆರು ಭಾಗ ಮಾಡಿಸಿ: ಮೂರು, ಎರಡು, ಒಟ್ಟು ಆರನೇ ಐದು. ಆ ತಪ್ಪು ಮಾಡಿದ ಮಗುವನ್ನು ಎಬ್ಬಿಸಿ ನಿಲ್ಲಿಸಿದರೆ ಇಷ್ಟೂ ವ್ಯರ್ಥ.

ನೋಟ್ಸ್ ತಿದ್ದುವಾಗ ತಪ್ಪಿನ ಮೇಲೆ ಕಾಟು ಹೊಡೆಯುವ ಬದಲು ತಪ್ಪಿರುವ ಸಾಲಿನ ಅಂಚಿನಲ್ಲಿ ಒಂದು ಚುಕ್ಕಿ ಇಡಿ, ಅದನ್ನು ಮಗುವೇ ಹುಡುಕಲಿ. ಹುಡುಕಿ ತಿದ್ದಿ ತಂದರೆ ಹೋದ ಅಂಕದ ಅರ್ಧ ವಾಪಸ್. ಎಲ್ಲ ಪಾಠಕ್ಕೂ ಇದನ್ನು ಮಾಡಲು ನಿಮಗೆ ಹೊತ್ತು ಸಿಗುವುದಿಲ್ಲ, ವಾರಕ್ಕೆ ಒಂದು ವಿಷಯಕ್ಕೆ ಮಾಡಿ.

ಪ್ರಶ್ನೆ: ಹತ್ತು ವರ್ಷದ ಮಗಳು ಸಂಗೀತ ಕಲಿಯುತ್ತಿದ್ದಾಳೆ. ಜಂಟಿ ವರಸೆ (ಸ್ವರಗಳನ್ನು ಜೋಡಿಜೋಡಿಯಾಗಿ ಹಾಡುವ ಆರಂಭದ ಪಾಠ) ಹಾಡುವಾಗ ಒಂದು ಸ್ವರ ತಪ್ಪಿದರೂ ನಿಲ್ಲಿಸಿ ಮೊದಲಿನಿಂದ ಶುರುಮಾಡುತ್ತಾಳೆ. ಕೊನೆ ಮುಟ್ಟುವುದೇ ಇಲ್ಲ.
*ತಾಯಿ, ಮಲ್ಲೇಶ್ವರ*

ಉತ್ತರ: ಪ್ರತಿ ಸಲ ಮೊದಲಿನಿಂದ ಶುರುಮಾಡಿದರೆ ಬರುವ ಸಾಲಿಗೇ ಮತ್ತೆ ಮತ್ತೆ ಸಾಧನೆ, ತಪ್ಪುವ ಜಾಗಕ್ಕೆ ಇಲ್ಲ. ಸಾಲದ್ದಕ್ಕೆ ನಿಲ್ಲುವುದೂ ಅಭ್ಯಾಸವಾಗಿಬಿಡುತ್ತದೆ.

ಸಾಧನೆಯನ್ನು ಎರಡು ಭಾಗ ಮಾಡಿ. ಮೊದಲ ಭಾಗ ರಿಪೇರಿಗೆ. ತಪ್ಪುವ ಜಾಗ ಗುರುತಿಸಿ, ಅದರ ಹಿಂದಿನ ಒಂದು ಜೋಡಿ, ಮುಂದಿನ ಒಂದು ಜೋಡಿ ಸೇರಿಸಿ, ಅಷ್ಟನ್ನೇ ಮೊದಲನೇ ಕಾಲದಲ್ಲಿ ನಿಧಾನವಾಗಿ ನಾಲ್ಕೈದು ಸಲ ಹಾಡಲಿ. ಈ ಪಾಠಗಳ ರಾಗವಾದ ಮಾಯಾಮಾಳವಗೌಳದಲ್ಲಿ ಚಿಕ್ಕವರು ಹೆಚ್ಚಾಗಿ ಜಾರುವುದು ರಿ ಮತ್ತು ದ ಮೇಲೆ. ಎರಡೂ ಷಡ್ಜ, ಪಂಚಮಗಳಿಗೆ ತೀರ ಹತ್ತಿರ, ಕೂಡಲೇ ಗಾಂಧಾರ, ನಿಷಾದಕ್ಕೆ ದೊಡ್ಡ ನೆಗೆತ. ಶ್ರುತಿ ಪೆಟ್ಟಿಗೆ ಹಾಕಿಕೊಂಡೇ ಹಾಡಿಸಿ. ಜೋಡಿಯ ಎರಡನೆಯ ಸ್ವರಕ್ಕೆ ಒತ್ತು ಬೀಳದಿದ್ದರೆ ಎರಡೂ ಕೂಡಿ ಒಂದೇ ಉದ್ದ ಸ್ವರವಾಗುತ್ತದೆ, ಅದನ್ನೂ ನೋಡಿ. ಎರಡನೆಯ ಭಾಗದಲ್ಲಿ ಒಂದೇ ಕಟ್ಟಳೆ: ಕೈಯ ತಾಳ ನಿಲ್ಲಬಾರದು. ಸ್ವರ ಜಾರಿದರೂ ಆದಿತಾಳದ ಎಂಟಕ್ಷರ ನಡೆಯುತ್ತಿರಲಿ, ಸಿಕ್ಕ ಜಾಗದಲ್ಲಿ ಹಿಡಿದುಕೊಂಡು ಮುಂದೆ ಹೋಗಲಿ. ಇದನ್ನು ಗುರುಗಳಿಗೂ ತಿಳಿಸಿ, ಅವರು ಬೇರೆ ಕ್ರಮ ಹೇಳಿದರೆ ಅದೇ ನಡೆಯಲಿ.

ಪ್ರಶ್ನೆ: ಇದು ಸಾಮಾನ್ಯ ಹೆದರಿಕೆಯೋ, ಡಾಕ್ಟರಿಗೆ ತೋರಿಸಬೇಕೋ ಎಂದು ತಿಳಿಯುವುದು ಹೇಗೆ?
*ಹಲವರು*

ಉತ್ತರ: ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡು ಕಾಣದ ಮಗುವೂ ತಪ್ಪಾಗಿಯೇ ಬರೆದುಕೊಳ್ಳುತ್ತದೆ.

ಶಾಲೆಯ ದಿನ ಬೆಳಿಗ್ಗೆ ಹೊಟ್ಟೆನೋವು, ವಾಂತಿ, ಭಾನುವಾರ ಏನೂ ಇಲ್ಲ, ನಿದ್ದೆ ಕೆಟ್ಟಿದೆ, ಇಷ್ಟದ ಆಟವೂ ಬೇಡವಾಗಿದೆ. ಇವು ಒಂದು ತಿಂಗಳಾದರೂ ಇಳಿಯದಿದ್ದರೆ ತೋರಿಸಿ. ಅಳಿಸುವುದು, ಮತ್ತೆ ಬರೆಯುವುದು ಇಂತಿಷ್ಟೇ ಸಲ ಆಗಬೇಕೆಂಬ ಹಟ, ಹಾಗೆ ಮಾಡದಿದ್ದರೆ ಏನೋ ಕೆಡುಕಾಗುತ್ತದೆಂಬ ಭಯ ಕಂಡರೆ ತಿಂಗಳು ಕಾಯಬೇಡಿ, ಅದು ಗೀಳು ಮನೋರೋಗದ ಲಕ್ಷಣ ಆಗಿರಬಹುದು. ಮಾತಿನಲ್ಲಿ ಚುರುಕಾಗಿದ್ದು, ಓದು-ಬರಹದಲ್ಲಿ ಮಾತ್ರ ವರ್ಷಗಟ್ಟಲೆ ಹಿಂದುಳಿದಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದೂ ಸೇರಿದೆ. ಅಂಥ ಮಗುವಿಗೆ “ತಪ್ಪು ಮಾಡು, ಪರವಾಗಿಲ್ಲ” ಎಂಬ ಸಮಾಧಾನದ ಜೊತೆಗೆ ಬೇರೆಯದೇ ರೀತಿಯ ಪಾಠ ಬೇಕು.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೇ ಇದೆ. ಹೋಗುವಾಗ ಒಂದೆರಡು ವರ್ಷದ ನೋಟ್ ಪುಸ್ತಕ, ಶಾಲೆಯ ವರದಿ ತೆಗೆದುಕೊಂಡು ಹೋಗಿ. ತಿದ್ದಿದ, ಹರಿದ ಪುಟಗಳೇ ಅವರಿಗೆ ಬೇಕಾದ್ದು, ಹೊಸ ಪುಸ್ತಕ ಒಯ್ಯಬೇಡಿ. ಮೊದಲು ಫೋನಿನಲ್ಲಿ ಕೇಳಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಟ್ಯೂಷನ್ ಬಿಡಿಸಿ ಶನಿವಾರ ಎಲ್ಲಿಗಾದರೂ ಕರೆದುಕೊಂಡು ಹೋಗೋಣವೆಂದಿದ್ದೇವೆ. ಎಲ್ಲಿಗೆ?
*ತಂದೆ, ಬನಶಂಕರಿ*

ಉತ್ತರ: ಮುಟ್ಟಬಹುದಾದ ಜಾಗಕ್ಕೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡುವ ಮಾದರಿಗಳು ಬೇಕಾದಷ್ಟಿವೆ. ಏನು ಮಾಡಿದರೂ ಅಂಕ ಹೋಗುವುದಿಲ್ಲ. ಫಲಕ ಓದಿ ವಿವರಿಸುವ ಕೆಲಸ ನೀವು ಮಾಡಬೇಡಿ. ತಿರುಗಿಸುವ ಮೊದಲು “ಏನಾಗಬಹುದು ಅಂತೀಯ?” ಎಂದು ಕೇಳಿ, ನಿಮ್ಮದೊಂದು ಊಹೆಯನ್ನೂ ಹೇಳಿ. ನಿಮ್ಮ ಊಹೆ ತಪ್ಪಾದರೆ ಇನ್ನೂ ಒಳ್ಳೆಯದು. ಇಡೀ ಮ್ಯೂಸಿಯಂ ಒಂದೇ ದಿನ ಮುಗಿಸಲು ಹೋಗಬೇಡಿ, ಒಂದು ಮಹಡಿ ಸಾಕು. ಅಲ್ಲಿಂದ ಕಬ್ಬನ್ ಪಾರ್ಕಿನ ಬಾಲಭವನ ನಡೆದುಹೋಗುವಷ್ಟೇ ದೂರ.